ಗಂಡು, ಅರವತ್ತಾರು ವರ್ಷ, ಎದೆನೋವು

ಜೋಗುಪಾಳ್ಯ
12 ಫೆಬ್ರವರಿ 2024

ಕಲ್ಯಾಣ ನಗರದ ಶರಣಮ್ಮನವರಿಗೆ,

ಇಲ್ಲಿ ಯಾರೂ ಕ್ಷೇಮವಿಲ್ಲ. ಅಲ್ಲಿ ನೀವೆಲ್ಲ ಕ್ಷೇಮವೆಂದು ಕೇಳಿ ಬಲ್ಲೆ. ಇಷ್ಟು ವರ್ಷ ‘ನೀನು’ ಅಂದವಳು ಈಗ ‘ನೀವು’ ಅಂತ ಬರೆಯುತ್ತಿರುವುದು ಮರ್ಯಾದೆಗಲ್ಲ, ದೂರಕ್ಕೆ. ಫೋನಿನಲ್ಲಿ ಬೈದರೆ ಕಟ್ ಮಾಡುತ್ತೀರಿ, ಮೂರು ಸಲ ಮಾಡಿದ್ದೂ ಆಯಿತು. ಕಾಗದವನ್ನು ಹರಿಯಬಹುದು, ಆದರೆ ಹರಿಯುವ ಮುಂಚೆ ಓದೇ ಓದುತ್ತೀರಿ. ಹದಿನೇಳು ವರ್ಷ ಒಂದೇ ವಠಾರದಲ್ಲಿ ಒಂದೇ ನಲ್ಲಿಗೆ ಕೊಡ ಇಟ್ಟವಳಿಗೆ ನಿಮ್ಮ ಚಪಲ ಗೊತ್ತಿಲ್ಲವೇ?

ನನ್ನ ಮಗಳು ಸುಗುಣ ಸತ್ತು ಇವತ್ತಿಗೆ ಇಪ್ಪತ್ತೈದು ದಿನ. ನೀವು ಹಾರ ಕಳಿಸಿದಿರಿ, ಬರಲಿಲ್ಲ. ನಿಮ್ಮ ಮಗ ಡಾಕ್ಟರ್ ಸಿದ್ಧಲಿಂಗೇಶ ಹಾರವನ್ನೂ ಕಳಿಸಲಿಲ್ಲ. ನಡೆದದ್ದನ್ನು ಅವನು ನಿಮಗೆ ಹೇಗೆ ಹೇಳಿದ್ದಾನೋ ಕಾಣೆ. ನಾನು ನನ್ನ ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಹೇಳುತ್ತೇನೆ, ಕೇಳಿ.

ಸಂಕ್ರಾಂತಿಯ ಮಾರನೆಯ ದಿನ. ಶಿವಾಜಿನಗರದ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದವಳಿಗೆ ದವಡೆ ಹಿಡಿಯಿತು. ಬೆನ್ನಿನ ನಡುವೆ ಯಾರೋ ಮೊಣಕೈ ಊರಿ ಒತ್ತಿದ ಹಾಗೆ ಆಗುತ್ತಿದೆ ಅಂದಳು. ಮೈಯೆಲ್ಲ ಬೆವರು, ವಾಂತಿ ಬಂದ ಹಾಗೆ. ಅಳಿಯ ಮುನೀಂದ್ರ ಅವಳನ್ನು ಹಲಸೂರಿನ ನರ್ಸಿಂಗ್ ಹೋಮಿಗೆ, ನಿಮ್ಮ ಮಗ ಕೂರುವಲ್ಲಿಗೇ, ಕರೆದುಕೊಂಡು ಹೋದ. ನಮ್ಮ ಸಿದ್ದು ಇದ್ದಾನಲ್ಲ ಅಂತ. ಅವಳ ಬೆರಳು ಹಿಡಿದು ಸ್ಕೂಲಿಗೆ ಹೋದ ಸಿದ್ದು. ನಾನೂ ಜೊತೆಗಿದ್ದೆ.

“ಏನಾಯ್ತು?” ಅಂತ ನಿಮ್ಮ ಮಗ ಕೇಳಿದ್ದು ಅವಳನ್ನಲ್ಲ, ಗಂಡನನ್ನು.

“ಬೆಳಗ್ಗೆಯಿಂದ ಏನೂ ತಿಂದಿಲ್ಲ ಸಾರ್. ಮಗಳದ್ದೇ ಯೋಚ್ನೆ ಇವ್ಳಿಗೆ. ನಿದ್ದೇನೂ ಇಲ್ಲ.”

“ಟೆನ್ಶನ್ ಮಾಡ್ಕೋಬೇಡಿ ಅಕ್ಕಾ. ಈ ವಯಸ್ಸಲ್ಲಿ ಹಿಂಗೆಲ್ಲಾ ಆಗುತ್ತೆ. ಗ್ಯಾಸು ಅಷ್ಟೇ.”

ಒಂದು ಇಂಜೆಕ್ಷನ್, ಆರು ಮಾತ್ರೆ, ಮುಗಿಯಿತು. ಸೊಪ್ಪಿನವಳ ಹತ್ತಿರ ದಂಟಿನ ಕಟ್ಟನ್ನು ನಾನು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದು ನೋಡುತ್ತೇನೆ. ಎರಡು ದಿನ ಕಳೆದು ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತಿದ್ದವಳು ಅರ್ಧಕ್ಕೆ ಕೈಬಿಟ್ಟು ಕೂತಲ್ಲೇ ಹೋದಳು. ದೊಡ್ಡಾಸ್ಪತ್ರೆಗೆ ಹೊತ್ತೊಯ್ದೆವು. ಎಲ್ಲ ಕೇಳಿದ ಮೇಲೆ ಅಲ್ಲಿನ ಡಾಕ್ಟರಮ್ಮ ಹೇಳಿದರು: “ಹಾರ್ಟ್ ಅಟ್ಯಾಕು. ದವಡೆ ಹಿಡಿದ ದಿನವೇ ಶುರುವಾಗಿರಬೇಕು.”

ಈಗ ಇದನ್ನೂ ಕೇಳಿ. ಹೋದ ದಸರಾದಲ್ಲಿ ಇದೇ ಮುನೀಂದ್ರ ಶಿವಾಜಿನಗರದಲ್ಲಿ ಕಂಠಮಟ್ಟ ತಿಂದು ಬಂದು ಎದೆ ಉರಿ ಅಂತ ಅದೇ ನರ್ಸಿಂಗ್ ಹೋಮಿಗೆ ಹೋಗಿದ್ದ. ಅದೇ ಸಿದ್ದು. ಐದು ನಿಮಿಷದಲ್ಲಿ ಎದೆಗೆ ವೈರು, ತೋಳಿನಿಂದ ರಕ್ತ, ಕೂಗಿಕೊಂಡು ಹೋಗುವ ಆಂಬುಲೆನ್ಸು. ಎರಡು ದಿನ ಮಲಗಿಸಿ ನೋಡಿ ಕಳಿಸಿದರು. ಅವನಿಗೆ ಬಂದಿದ್ದು ತೇಗು. ಗ್ಯಾಸ್ ಬಂದವನಿಗೆ ಹೃದಯದ ವೈದ್ಯ, ಹೃದಯ ನಿಲ್ಲುತ್ತಿದ್ದವಳಿಗೆ ಗ್ಯಾಸಿನ ಮಾತ್ರೆ. ಇಂಥ ವಿದ್ಯೆಗೆ ಆರು ವರ್ಷ ಓದಬೇಕೇನ್ರೀ?

ಸತ್ತವಳು ಬರುವುದಿಲ್ಲ. ಇರುವವಳು ಒಬ್ಬಳಿದ್ದಾಳೆ, ಮೊಮ್ಮಗಳು ತೇಜಶ್ರೀ. ಡಿಗ್ರಿ ಬಿಟ್ಟು ಕೆ.ಆರ್. ಪುರಂನ ಬ್ಯೂಟಿ ಪಾರ್ಲರಿಗೆ ಸೇರಿದಳೆಂದು ತಾಯಿಗೂ ಮಗಳಿಗೂ ಒಂದು ತಿಂಗಳು ಮಾತಿರಲಿಲ್ಲ. ನಿಮ್ಮ ಮಗ ‘ಟೆನ್ಶನ್’ ಅಂದನಲ್ಲ, ಆ ಮಾತನ್ನು ಮುನೀಂದ್ರ ಸಾವಿಗೆ ಬಂದವರಿಗೆಲ್ಲ ಕಾಫಿಯ ಜೊತೆ ಹಂಚಿದ. “ಮಗಳ ಟೆನ್ಶನ್‌ನಲ್ಲೇ ಹೋಗ್ಬಿಟ್ಲು.” ಹುಡುಗಿ ಕೇಳಿಸಿಕೊಂಡಳು. ಇಪ್ಪತ್ತು ವರ್ಷದವಳು ತಲೆ ಬಾಚದೆ ಗೋಡೆ ನೋಡಿಕೊಂಡು ಕೂರುತ್ತಾಳೆ. “ನಾನೇ ಅಮ್ಮನ್ನ ಸಾಯಿಸ್ಬಿಟ್ಟೆ ಅಜ್ಜಿ” ಅನ್ನುತ್ತಾಳೆ. ನಾನು ಇಲ್ಲವೆಂದರೆ ನಂಬುವುದಿಲ್ಲ. ನಾನು ಡಾಕ್ಟರಲ್ಲವಲ್ಲ.

ನಿಮ್ಮ ಮಗ ಬರಲಿ. ಅವಳ ಮುಂದೆ ಕೂತು ಹೇಳಲಿ: ಟೆನ್ಶನ್ ಅಲ್ಲ, ಗ್ಯಾಸ್ ಅಲ್ಲ, ನಾನು ನೋಡಲಿಲ್ಲ. ನನಗೆ ಬೇಕಾದ್ದು ಇಷ್ಟೇ. ಕ್ಷಮೆ ಗಿಮೆ ಅವನೇ ಇಟ್ಟುಕೊಳ್ಳಲಿ.

ಇಂತಿ,
ಸುಗುಣನ ತಾಯಿ ಯಶೋದಮ್ಮ


ಕಲ್ಯಾಣ ನಗರ
23 ಫೆಬ್ರವರಿ 2024

ಯಶೋದಮ್ಮನವರಿಗೆ ಶರಣು.

ನಿಮ್ಮ ಪತ್ರ ಮುಟ್ಟಿತು. ಹರಿಯಲಿಲ್ಲ. ಹೆತ್ತ ಕರುಳಿನ ಸಂಕಟಕ್ಕೆ ಏನಂದರೂ ಕಡಿಮೆಯೇ, ಅದಕ್ಕೇ ಹತ್ತು ದಿನ ಸುಮ್ಮನಿದ್ದೆ. ಆದರೆ ನನ್ನ ಮಗ ಕೊಲೆಗಾರನಲ್ಲ. ನಾನೂ ಹೆತ್ತವಳು.

ನೀವು ಬರೆದದ್ದು ಖರೇ, ಆದರೆ ಬರೆಯದೆ ಬಿಟ್ಟದ್ದೂ ಉಂಟು. ಆ ನರ್ಸಿಂಗ್ ಹೋಮಿನಲ್ಲಿ ಇಸಿಜಿ ತೆಗೆಯುವವನು ಗಂಡಸು. ಹೆಂಗಸರಿಗೆ ತೆಗೆಯಬೇಕಾದರೆ ಮೇಲಿನ ವಾರ್ಡಿನಿಂದ ಸಿಸ್ಟರ್ ಇಳಿದು ಬರಬೇಕು. ಹಬ್ಬದ ರಜೆ, ಅಂದು ಇದ್ದವಳು ಒಬ್ಬಳೇ, ಅವಳು ಹೆರಿಗೆಯ ಹತ್ತಿರ. ಸಿದ್ದು “ಇಸಿಜಿ ಒಂದು ತೆಗೆಯೋಣವಾ ಅಕ್ಕಾ” ಎಂದು ಕೇಳಿದ್ದಾನೆ. ಸುಗುಣ ಏನಂದಳು? “ಬೇಡ ಬಿಡೋ ಸಿದ್ದು, ನಿಮ್ಮುಂದೆಲ್ಲಾ ರವಿಕೆ ಬಿಚ್ಲಾ?” ಅಂದಳು. ಅದು ಮರ್ಯಾದಸ್ಥ ಹೆಣ್ಣುಮಗಳ ಮಾತು. ನನ್ನ ಮಗ ಅದಕ್ಕೆ ಮರ್ಯಾದೆ ಕೊಟ್ಟ.

ಆಗ ಹಿಂದೆ ನಿಂತು, “ನಾಳೆ ಲೇಡೀಸ್ ಇರುವಾಗ ಬರ್ತೀವಿ ಬಿಡಪ್ಪಾ” ಅಂದವರು ಯಾರು, ಯಶೋದಮ್ಮನವರೇ? ಅದು ನಿಮ್ಮ ಕಾಗದದಲ್ಲಿ ನನಗೆ ಕಾಣಲಿಲ್ಲ. ನನ್ನ ಕಣ್ಣು ಮಂದ, ಮತ್ತೊಮ್ಮೆ ಓದಿದೆ, ಆಗಲೂ ಕಾಣಲಿಲ್ಲ.

ಹುಡುಗಿಗೆ ನೀವೇ ತಿಳಿಹೇಳಿರಿ. ಕಾಲ ಎಲ್ಲವನ್ನೂ ಮರೆಸುತ್ತದೆ.

ಶರಣಮ್ಮ


ಜೋಗುಪಾಳ್ಯ
4 ಮಾರ್ಚ್ 2024

ಶರಣಮ್ಮನವರಿಗೆ,

ಹೌದು, ಅಂದೆ. ನಾನೇ ಅಂದೆ. ಬರೆಯಲು ಕೂತಾಗ ಕೈ ಬರಲಿಲ್ಲ. ಅಷ್ಟೇ ಅಲ್ಲ, ಮನೆಗೆ ಬಂದ ಮೇಲೆ “ದಿನವೆಲ್ಲ ಬಗ್ಗಿ ಹೊಲಿದರೆ ಬೆನ್ನು ನೋಯದೆ ಇನ್ನೇನು” ಅಂತ ಜೀರಿಗೆ ನೀರು ಕುಡಿಸಿದೆ. ಮಾರನೆಯ ದಿನ ಹೋಗೋಣವೇ ಅಂದರೆ ಪರವಾಗಿಲ್ಲಮ್ಮ ಅಂದಳು. ನಾನು ಅದನ್ನೂ ನಂಬಿದೆ. ಸಾಕೇ? ಈಗ ನಿಮ್ಮ ಮಂದ ಕಣ್ಣಿಗೆ ಕಾಣುತ್ತಿದೆಯೇ?

ನಾನು ಎಮ್ಮೆ ಮೇಯಿಸಿಕೊಂಡು ಸ್ಲೇಟು ಹಿಡಿದವಳು. ನನ್ನ ಮಾತು ಕೇಳಿ ನಡೆಯುವುದಕ್ಕೆ ಅವನನ್ನು ಡಾಕ್ಟರು ಮಾಡಿದಿರಾ? ಮುನೀಂದ್ರನೂ ದಸರಾದ ಆ ದಿನ “ಬೇಡ ಡಾಕ್ಟ್ರೇ, ಒಂದು ಸೋಡಾ ಕುಡಿದ್ರೆ ಸರಿಹೋಗುತ್ತೆ” ಅಂದಿದ್ದ. ನಿಮ್ಮ ಮಗ “ಸುಮ್ನೆ ಮಲ್ಕೊಳ್ರೀ, ಜೀವದ ಪ್ರಶ್ನೆ” ಅಂತ ಗದರಿ ತಾನೇ ಅವನ ಅಂಗಿಯ ಗುಂಡಿ ಬಿಚ್ಚಿದ. ಗಂಡಸು ಬೇಡ ಅಂದರೆ ಗದರಿಕೆ, ಹೆಂಗಸು ಬೇಡ ಅಂದರೆ ಮರ್ಯಾದೆ! ಆ ಮರ್ಯಾದೆಯನ್ನು ನಾವು ಹದಿನೆಂಟನೇ ತಾರೀಕು ಹೂವಿನ ಜೊತೆ ಮಣ್ಣಿಗಿಟ್ಟು ಬಂದೆವು.

ಸಿಸ್ಟರ್ ಇಳಿದು ಬರಬೇಕಂತೆ. ಎಷ್ಟು ಮೆಟ್ಟಿಲು ಶರಣಮ್ಮನವರೇ? ನಾನು ಹೋಗಿ ಎಣಿಸಿ ಬಂದೆ. ಹದಿನಾರು. ಅವಳು ಬರಲಾಗದಿದ್ದರೆ ಪಕ್ಕದಲ್ಲಿ ನಾನಿದ್ದೆ, ಪರದೆ ಹಿಡಿದುಕೋ ದೊಡ್ಡಮ್ಮ ಅಂದಿದ್ದರೆ ಹಿಡಿಯುತ್ತಿದ್ದೆ. ಹಾಗನ್ನಲು ಅವನಿಗೆ ಹೊಳೆಯಲಿಲ್ಲ, ಏಕೆಂದರೆ ಅವನ ತಲೆಯಲ್ಲಿ ಆಗಲೇ ಅವಳಿಗೆ ಗ್ಯಾಸ್ ಆಗಿತ್ತು.

ಕಾಲ ಮರೆಸುತ್ತದೆ ಅಂತ ಬರೆದಿದ್ದೀರಿ. ಕಾಲಕ್ಕೆ ಬೇರೆ ಕೆಲಸವಿಲ್ಲವೇ? ಪಾರ್ಲರಿನವರು ಎರಡು ಸಲ ಫೋನ್ ಮಾಡಿದರು, ತೇಜಶ್ರೀ ಎತ್ತಲಿಲ್ಲ. ನಿನ್ನೆ ಎರಡು ತುತ್ತು ತಿಂದಳು. ಅವಳಪ್ಪ “ನೀನು ಒಳ್ಳೆ ಬುದ್ಧಿ ಕಲಿತ್ರೆ ನಿಮ್ಮಮ್ಮನ ಆತ್ಮಕ್ಕೆ ಶಾಂತಿ” ಅಂದದ್ದಕ್ಕೆ ಆ ಎರಡನ್ನೂ ಉಗುಳಿ ಎದ್ದಳು. ನಾನು ಮಾಡಿದ ತಪ್ಪನ್ನು ನಾನು ಅವಳಿಗೆ ಹೇಳಲು ಸಿದ್ಧ. ಆದರೆ ಮೊದಲು ನಿಮ್ಮ ಮಗ ಹೇಳಬೇಕು. ನಾನೊಬ್ಬಳೇ ಹೇಳಿದರೆ ಅಜ್ಜಿ ನನಗೋಸ್ಕರ ಸುಳ್ಳು ಹೇಳುತ್ತಾಳೆ ಅಂದುಕೊಳ್ಳುತ್ತಾಳೆ.

ಕಳಿಸಿ ಅವನನ್ನು.

ಯಶೋದಮ್ಮ


ಕಲ್ಯಾಣ ನಗರ
12 ಏಪ್ರಿಲ್ 2024

ಯಶೋದಮ್ಮನವರಿಗೆ ಶರಣು.

ಅವನು ಬರುವುದಿಲ್ಲ. ಮನೆಗೆ ಬಂದು ಒಬ್ಬರ ಮುಂದೆ ಹಾಗೆ ಹೇಳಿದರೆ ನಾಳೆ ಓಣಿಯೇ ಹೇಳುತ್ತದೆ. ನರ್ಸಿಂಗ್ ಹೋಮಿನವರೂ ಬಾಯಿ ಮುಚ್ಚಿಕೊಂಡಿರು ಎಂದಿದ್ದಾರೆ. ಒಂದು ಮಾತಿಗಾಗಿ ಅವನ ಇಡೀ ಬದುಕನ್ನು ಕೇಳುತ್ತಿದ್ದೀರಿ ನೀವು.

ಇದನ್ನು ನಾಲ್ಕು ಸಲ ಎದ್ದು ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಮನ್ನಿಸಿರಿ. ಯುಗಾದಿಗೆ ಹೋಳಿಗೆ ತಟ್ಟಲು ಕೂತವಳು ಎದ್ದುಬಿಟ್ಟೆ, ಅಷ್ಟು ಸುಸ್ತು. ಅಂದಿನಿಂದ ದವಡೆ ಬಿಗಿದಿದೆ, ಹಲ್ಲು ಕಟ್ಟಿಸಿದ್ದು ಸರಿಹೋಗಲಿಲ್ಲವೇನೋ. ಮಹಡಿ ಹತ್ತಿದರೆ ಬೆನ್ನ ಮೇಲೆ ಜೋಳದ ಚೀಲ ಹೇರಿದಂತಾಗಿ ಬೆವರು ಒಡೆಯುತ್ತದೆ. ಸಿದ್ದುಗೆ ಹೇಳಿದೆ. “ಬ್ಯಾಸಗಿ ಅದ ಅವ್ವಾ, ಹಬ್ಬದ ಊಟ ಬ್ಯಾರೆ, ಗ್ಯಾಸ್ ಆಗ್ಯಾದ. ಮ್ಯಾಲೆ ಆ ದೊಡ್ಡಮ್ಮನ ಪತ್ರ ಓದಿ ಟೆನ್ಶನ್ ಮಾಡ್ಕೊಂಡೀ” ಅಂದು ಗುಳಿಗೆ ಕೊಟ್ಟಿದ್ದಾನೆ. ಎರಡು ದಿನದಲ್ಲಿ ಸರಿಹೋಗುತ್ತದಂತೆ.

ಆದ್ದರಿಂದ ದಯವಿಟ್ಟು ಇನ್ನು ಪತ್ರ ಬರೆಯಬೇಡಿರಿ. ನನಗೆ ತಡೆಯುವ ಶಕ್ತಿ ಇಲ್ಲ.

ಶರಣಮ್ಮ


ದೊಡ್ಡಾಸ್ಪತ್ರೆಯ ಬೆಂಚು
15 ಏಪ್ರಿಲ್ 2024, ಸೋಮವಾರ ಮಧ್ಯಾಹ್ನ

ಡಾಕ್ಟರ್ ಸಿದ್ಧಲಿಂಗೇಶನಿಗೆ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ, ನಿನ್ನ ಅವ್ವನ ಫೋನು ನಿಮ್ಮ ಮನೆಯ ಫ್ರಿಜ್ಜಿನ ಮೇಲೆ ಉಳಿದಿದೆ. ಅದಕ್ಕೆ ಈ ಚೀಟಿಯನ್ನು ನಮ್ಮ ಬೀದಿಯ ಆಟೋ ಅಕ್ತರನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಂತು ಓದಬೇಡ, ಆಟೋದಲ್ಲಿ ಕೂತು ಓದು. ನಿನ್ನ ಅವ್ವನನ್ನು ಒಳಗೆ ಒಯ್ದಿದ್ದಾರೆ. ಹೃದಯದ ರಕ್ತನಾಳ ಮುಚ್ಚಿಕೊಂಡಿದೆಯಂತೆ.

ಅವಳ ಕಾಗದ ಇವತ್ತು ಬೆಳಿಗ್ಗೆ ಬಂತು. ದವಡೆ, ಬೆನ್ನು, ಬೆವರು. ಇದೇ ಪಾಠವನ್ನು ನಾನು ಜನವರಿಯಲ್ಲಿ ಓದಿ ಮುಗಿಸಿದ್ದೆ. ನಿನಗೆ ಇನ್ನೂ ಪರೀಕ್ಷೆ ಬಾಕಿ ಇತ್ತು ಅಂತ ಕಾಣುತ್ತದೆ. ಅಕ್ತರನನ್ನು ಎಬ್ಬಿಸಿಕೊಂಡು ಕಲ್ಯಾಣ ನಗರಕ್ಕೆ ಬಂದೆ. ಅಡಿಗೆಮನೆಯಲ್ಲಿ ನೆಲಕ್ಕೆ ಕೂತು, ಮುಖ ಬೂದಿ ಬಣ್ಣಕ್ಕೆ ತಿರುಗಿ, ನಿನಗೆ ಪಲ್ಯಕ್ಕೆ ಬೀನ್ಸ್ ಮುರಿಯುತ್ತಿದ್ದಳು.

“ಯಾಕ ಬಂದೀ?” ಅಂದಳು.

“ಬೈಯೋಕೆ. ಎದ್ದೇಳು, ಆಟೋದಲ್ಲಿ ಬೈತೀನಿ.”

ಬೈದೆ. ದಾರಿಯುದ್ದಕ್ಕೂ ಕಣ್ಣು ಮುಚ್ಚಲು ಬಿಡದ ಹಾಗೆ ಬೈದೆ. ಇಲ್ಲಿ ಚೀಟಿ ಮಾಡಿಸುವ ಕಿಟಕಿಯಲ್ಲಿ ನನ್ನ ಮುಂದೆ ಒಬ್ಬಳಿದ್ದಳು. ನಮ್ಮ ಸುಗುಣನ ವಯಸ್ಸು. “ಸುಸ್ತು ಸಾರ್, ದವಡೆ ನೋವು” ಅಂದಳು. “ಎರಡನೇ ಮಹಡಿ, ಹಲ್ಲಿನ ಡಾಕ್ಟ್ರು, ನಂಬರ್ ಕೂಗ್ತಾರೆ” ಅಂದ ಒಳಗಿನವನು. ನಾನು ಮಾತು ಬದಲಿಸಿದೆ.

“ಪೇಷೆಂಟ್ ಎಲ್ಲಿ ಅಜ್ಜಿ?”

“ಆಟೋದಲ್ಲಿ. ನಮ್ಮ ಯಜಮಾನ್ರು. ಗಂಡು, ಅರವತ್ತಾರು ವರ್ಷ, ಎದೆನೋವು.”

ಅವನು ಬರೆದುಕೊಳ್ಳಲೂ ಇಲ್ಲ, ಕೂಗಿದ. ಚಕ್ರದ ಕುರ್ಚಿ ಓಡಿ ಬಂತು. ತಳ್ಳುವವನು ಆಟೋದೊಳಗೆ ಬಗ್ಗಿ ನೋಡಿ, “ಅಜ್ಜೀ, ಗಂಡಸು ಎಲ್ಲಿ?” ಅಂದ.

“ಕುರ್ಚಿ ಬಂತಲ್ಲಪ್ಪ, ಇವಳನ್ನ ಕೂರ್ಸು. ಗಂಡಸು ಹಿಂದಿನ ಆಟೋದಲ್ಲಿ ಬರ್ತಾ ಅವ್ನೆ.”

ಆ ಇನ್ನೊಬ್ಬ ಹೆಂಗಸನ್ನೂ ಕೈಹಿಡಿದು ಇದೇ ಬಾಗಿಲಿಗೆ ಎಳೆದು ತಂದು ಬಿಟ್ಟೆ. ಅವಳ ಗಂಡ ನನ್ನನ್ನು ಬೈದ. ಬೈಯಲಿ.

ಇಸಿಜಿ ಮಾಡುವವನು ಇಲ್ಲಿಯೂ ಗಂಡಸೇ. ನಿನ್ನ ಅವ್ವ ಸೆರಗು ಬಿಗಿ ಹಿಡಿದು “ಬ್ಯಾಡ, ಬ್ಯಾಡ” ಅಂದಳು. ನಾನು ಅದಕ್ಕೆ ಮರ್ಯಾದೆ ಕೊಡಲಿಲ್ಲ. ಸೆರಗು ತೆಗೆದೆ, ರವಿಕೆಯ ಹುಕ್ಕುಗಳನ್ನು ನಾನೇ ಬಿಚ್ಚಿದೆ, ನನ್ನ ಸೆರಗನ್ನೇ ಪರದೆಯಾಗಿ ಹಿಡಿದು ನಿಂತೆ. ಕೊರಳಿನ ಲಿಂಗದ ಕರಡಿಗೆಯನ್ನು ಮಾತ್ರ ಯಾರಿಗೂ ಕೊಡಲೊಲ್ಲೆ ಅಂದಳು. ಆಮೇಲೆ ತಾನಾಗಿ ತೆಗೆದು ನನ್ನ ಅಂಗೈಗಿಟ್ಟಳು. ನಮ್ಮ ಮನೆಯ ಲೋಟದಲ್ಲಿ ನೀರು ಕುಡಿಯಲು ಎರಡು ವರ್ಷ ತೆಗೆದುಕೊಂಡವಳು. ಬಂದು ಇಸಿದುಕೋ, ನನ್ನ ಕೈ ಬೆವರುತ್ತಿದೆ.

ಒಳಗೆ ಒಯ್ಯಲು ಸಹಿ ಬೇಕು, ಏನಾಗಬೇಕು ನೀವು ಅಂದರು. ಅಕ್ಕ ಅಂತ ಹಾಕಿದೆ. ಇದು ಇವತ್ತಿನ ಮೂರನೆಯ ಸುಳ್ಳು.

ಬೇಗ ಬಾ. ಬರುವಾಗ ಗ್ಯಾಸಿನ ಮಾತ್ರೆ ತರಬೇಡ.

ಯಶೋದಮ್ಮ


ಕಲ್ಯಾಣ ನಗರ
6 ಮೇ 2024

ಯಶೋದಾ,

ಬದುಕಿದ್ದೇನೆ. ಸ್ಟೆಂಟ್ ಹಾಕಿದ್ದಾರೆ. ಥ್ಯಾಂಕ್ಸ್ ಹೇಳಿದರೂ ಬೈಯುತ್ತೀ, ಹೇಳದಿದ್ದರೂ ಬೈಯುತ್ತೀ, ಅದಕ್ಕೆ ಹೇಳುವುದಿಲ್ಲ.

ಅಲ್ಲಿನ ದೊಡ್ಡ ಡಾಕ್ಟರು ನನ್ನ ಮಂಚದ ಹತ್ತಿರವೇ ಸಿದ್ದುವನ್ನು ಕೇಳಿದರು, “ಎಷ್ಟು ದಿನದಿಂದ ಹೀಗಿತ್ತು?” ಆರು ದಿನ ಅಂದ. “ಮನೆಯಲ್ಲೇ ಡಾಕ್ಟರಿದ್ದೂ ಒಂದು ಇಸಿಜಿ ತೆಗೆಯಲಿಲ್ಲವಾ?” ಅಂದರು. ಮನೆಗೆ ಬಂದ ಮೇಲೆ ದಿನಕ್ಕೆ ಮೂರು ಸಲ ನನ್ನ ನಾಡಿ ಹಿಡಿಯುತ್ತಾನೆ.

ನಿನಗೆ ಹೇಳದಿದ್ದ ಒಂದು ಮಾತು ಉಂಟು. ನಿನ್ನ ಮೊದಲ ಪತ್ರ ಬಂದ ದಿನವೇ ಅವನು ಜೋಗುಪಾಳ್ಯಕ್ಕೆ ಹೊರಟಿದ್ದ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತವನ ತೋಳು ಹಿಡಿದು ತಡೆದವಳು ನಾನು. “ಹೋದರ ನನ್ನ ಹೆಣ ನೋಡ್ತೀ” ಅಂದಿದ್ದೆ. ಮಗನ ಹೆಸರು ಉಳಿಸಿಕೊಳ್ಳಲು ನಿನ್ನ ಮೊಮ್ಮಗಳನ್ನು ಆ ಗೋಡೆಯ ಮುಂದೆ ಎರಡು ತಿಂಗಳು ಕೂರಿಸಿದೆ. ಈಗ ಅವನಿಗೆ ಹೋಗು ಎಂದು ನಾನು ಹೇಳಿಲ್ಲ. ಹೋಗಬೇಡ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನಿನ್ನ ಶರಣಿ


ಜೋಗುಪಾಳ್ಯ
21 ಮೇ 2024

ಶರಣೀ,

ನೀನು ತಡೆದ ವಿಷಯ ಓದಿ ಎರಡು ದಿನ ನಿನ್ನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಎದೆಗೆ ಹೊಸ ಸಾಮಾನು ಹಾಕಿಸಿಕೊಂಡವಳಿಗೆ ಉಗಿಯಬಾರದು ಅಂತ ಬಿಟ್ಟಿದ್ದೇನೆ. ಮಾತ್ರೆ ತಪ್ಪಿಸಬೇಡ, ಗಟ್ಟಿಯಾದ ಮೇಲೆ ಉಗಿಯುತ್ತೇನೆ.

ಭಾನುವಾರ ಅವನು ಬಂದಿದ್ದ. ಕೈಯಲ್ಲಿ ಸೇಬಿನ ಚೀಲ, ರೋಗಿ ನೋಡಲು ಬಂದವನ ಹಾಗೆ. ಮುನೀಂದ್ರ ಎದ್ದು ನಿಂತ. “ಬನ್ನಿ ಡಾಕ್ಟ್ರೇ, ಕೂತ್ಕೊಳಿ ಡಾಕ್ಟ್ರೇ” ಅಂತ ಕುರ್ಚಿ ಒರೆಸಿದ, ಫ್ಯಾನು ಅವನ ಕಡೆ ತಿರುಗಿಸಿದ. ಹೆಂಡತಿಯನ್ನು ಕಳೆದುಕೊಂಡ ಮೇಲೂ ಬೆನ್ನು ನೆಟ್ಟಗಾಗದ ಗಂಡಸರಿದ್ದಾರೆ ನೋಡು. ನಿನ್ನ ಮಗ ಕುರ್ಚಿಯಲ್ಲಿ ಕೂರಲಿಲ್ಲ. ಮುನೀಂದ್ರನ ಕಡೆ ತಿರುಗಿ, “ಅವತ್ತು ಏನಾಯ್ತು ಅಂದ್ರೆ...” ಅಂತ ಶುರುಮಾಡಿದ.

“ಅವನಿಗಲ್ಲ ಕಣೋ. ಇವಳಿಗೆ” ಅಂದೆ.

ತೇಜಶ್ರೀ ಗೋಡೆಯ ಹತ್ತಿರ ಇದ್ದಳು. ಅವನು ಹೋಗಿ ಅವಳೆದುರು ನೆಲದ ಮೇಲೆ ಕೂತ. ಹೇಳಿದ. ಮೊದಲು ಒಂದಷ್ಟು ಇಂಗ್ಲಿಷು ಬಂತು. ನಾನು ಕೆಮ್ಮಿದೆ, ಆಮೇಲೆ ಕನ್ನಡದಲ್ಲಿ ಹೇಳಿದ. “ನಿಮ್ಮಮ್ಮಂಗೆ ಅವತ್ತೇ ಹಾರ್ಟ್ ಅಟ್ಯಾಕ್ ಆಗಿತ್ತು. ಇಸಿಜಿ ಬೇಡ ಅಂದ್ರು, ಬಿಟ್ಬಿಟ್ಟೆ. ನಾನು ನೋಡ್ಲಿಲ್ಲ. ನೋಡಿದ್ದಿದ್ರೆ ಬಹುಶಃ ಉಳೀತಿದ್ರು. ಟೆನ್ಶನ್ ಅಂತ ನಾನು ಸುಮ್ನೆ ಹೇಳ್ಬಿಟ್ಟೆ. ನಿನ್ನಿಂದ ಅಲ್ಲ.”

ಅವಳು ಕೇಳಿದಳು, “ಅಮ್ಮ ಬೇಡ ಅಂದ್ಮೇಲೆ ಇನ್ನೊಂದ್ಸಲ ಕೇಳಿದ್ರಾ?”

“ಇಲ್ಲ.”

“ದಸರಾದಲ್ಲಿ ನಮ್ಮಪ್ಪನ್ನ?”

“ಅವರನ್ನ ಕೇಳ್ಲೇ ಇಲ್ಲ. ಮಾಡ್ಬಿಟ್ಟೆ.”

ಆಗ ಶುರುವಾಯಿತು. ನನ್ನ ಬಾಯಿ ಹರಿತ ಅಂತ ಜೋಗುಪಾಳ್ಯವೆಲ್ಲ ಹೇಳುತ್ತದೆ, ಆ ಹುಡುಗಿಯ ಮುಂದೆ ನನ್ನದು ಮೊಂಡುಗತ್ತಿ. “ಎಷ್ಟು ಜನಕ್ಕೆ ಹಿಂಗೆ ಹೇಳಿದೀರ? ಎಷ್ಟು ಹೆಂಗಸರು ಮನೆಗೋಗಿ ಸತ್ತಿದಾರೆ, ಲೆಕ್ಕ ಇದ್ಯಾ? ಸೇಬು ತಂದಿದಾರೆ, ಸೇಬು!” ಮುನೀಂದ್ರ ನಡುವೆ ಬಂದು, “ಬಿಡಮ್ಮ, ಡಾಕ್ಟ್ರಿಗೆ ಬೇಜಾರಾಗುತ್ತೆ” ಅಂದ. ಅವನಿಗೂ ಬಿತ್ತು, ನಾಲ್ಕು ತಿಂಗಳು ಕಾಫಿಯ ಜೊತೆ ಹಂಚಿದ ಮಾತಿಗೆ ಬಡ್ಡಿ ಸಮೇತ. ನಿನ್ನ ಮಗ ತಲೆ ಎತ್ತಲಿಲ್ಲ, ಎದ್ದೂ ಹೋಗಲಿಲ್ಲ. ಅಷ್ಟರ ಮಟ್ಟಿಗೆ ನೀನು ಅವನನ್ನು ಸರಿಯಾಗಿ ಹೆತ್ತಿದ್ದೀಯ, ಇನ್ನು ಅದಕ್ಕೆ ಹಿಗ್ಗಬೇಡ.

ಅವಳು ಉಸಿರಿಗೆ ನಿಂತಾಗ ನಾನು ನನ್ನದನ್ನು ಹೇಳಿದೆ. ನಾಳೆ ಬರ್ತೀವಿ ಬಿಡಪ್ಪಾ ಅಂದದ್ದು, ಜೀರಿಗೆ ನೀರು ಕುಡಿಸಿದ್ದು, ಮಾರನೆಯ ದಿನ ಪರವಾಗಿಲ್ಲ ಅಂದಾಗ ನಂಬಿದ್ದು. ಹೇಳಲು ಹೆದರಿಕೆಯಾಯಿತು ಶರಣಿ. ಇಷ್ಟು ದಿನ ನಿನ್ನ ಮಗನನ್ನು ಮುಂದೆ ಕಳಿಸು, ಮುಂದೆ ಕಳಿಸು ಅಂದದ್ದು ಯಾಕೆಂದು ಆಗ ನನಗೇ ಗೊತ್ತಾಯಿತು.

ಅವಳು ನನ್ನ ಕಡೆ ತಿರುಗಿದಳು. ಏನಂದಳು ಅಂತ ಬರೆಯುವುದಿಲ್ಲ, ಅದು ನನ್ನದು. ನಾಲ್ಕು ತಿಂಗಳು ತನ್ನೊಬ್ಬಳನ್ನೇ ಬೈದುಕೊಂಡು ಕೂತಿದ್ದವಳು ಅವತ್ತು ನಮ್ಮೆಲ್ಲರನ್ನೂ ಬೈದಳು. ದನಿ ಬೀದಿಯವರೆಗೆ ಕೇಳುತ್ತಿತ್ತಂತೆ. ನಾನು ಒಂದೇ ಒಂದು ಸಲವೂ ಎದುರಾಡಲಿಲ್ಲ. ಅವಳಿಗೆ ಸುಸ್ತಾಗಿ, ಹಸಿವಾಗಿ, “ಏನಾದ್ರೂ ಇದ್ಯಾ ತಿನ್ನೋಕೆ” ಅಂತ ಸಿಟ್ಟಿನಿಂದಲೇ ಕೇಳುವವರೆಗೆ, ಕೇಳಿಸಿಕೊಂಡು ಕೂತಿದ್ದೆ.

ಯಶೋದ